ಸೋಮವಾರದ ಮ್ಯಾಟಿನಿ

ಸರಗೂರು
೧೨ ಆಗಸ್ಟ್ ೨೦೦೩

ಗೆಳೆಯ ಸಿದ್ದಮಲ್ಲಪ್ಪನಿಗೆ ಪುಟ್ಟಮಲ್ಲಪ್ಪನ ಶರಣು.

ಯುಗಾದಿಗೆ ನೀನು ಹಾಕಿದ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೀತಿದ್ದೀನಿ. ಬೈಯ್ಕೋ, ಆ ಹಕ್ಕು ನಿನಗಲ್ಲದೆ ಇನ್ಯಾರಿಗಿದೆ. ನಡುವೆ ನೀನು ಅಂಗಡಿಗೆ ಫೋನು ಮಾಡಿದ್ದೆ ನಿಜ. ಕಬ್ಬಿಣದ ಸರಳು ಎಳೆಯೋ ಸದ್ದಿನಲ್ಲಿ ಮನಸ್ಸಿನ ಮಾತು ಆಡೋಕೆ ಆಗಲ್ಲ ಕಣಯ್ಯ. ಅರಸೀಕೆರೆ ಒಗ್ಗಿತಾ? ಮೊಮ್ಮಕ್ಕಳು ಮೇಷ್ಟ್ರ ಮಾತು ಕೇಳ್ತವಾ, ಇಲ್ಲ ಮೇಷ್ಟ್ರನ್ನೇ ಬೆಂಚಿನ ಮೇಲೆ ನಿಲ್ಲಿಸಿದಾವಾ?

ಈಚೆಗೆ ಯಾವ ಸಿನಿಮಾ ನೋಡಿದೆ ಅಂತ ಕೇಳಿದ್ದೀಯ. ಹೆಸರು ಬರೆಯಲ್ಲ. ಬರೆದರೆ ನೀನು ಹೋಗಿ ನೋಡ್ತೀಯ, ಆಮೇಲೆ ನನ್ನ ಮೇಲೆ ಜಗಳಕ್ಕೆ ಬರ್ತೀಯ. ಒಂದರಲ್ಲಿ ಎಲ್ಲರ ಕೈಲೂ ಮಚ್ಚು. ನಾನು ವರ್ಷವಿಡೀ ಮಾರೋ ಮಚ್ಚು ಇಂಟರ್‌ವಲ್ಲಿಗೆ ಮುಂಚೇನೇ ಖರ್ಚಾಗೋಯ್ತು. ಒಬ್ಬನಿಗಾದರೂ ಹಿಡಿ ಹಿಡಿಯೋಕೆ ಬರ್ತಿತ್ತಾ ಅಂದರೆ ಅದೂ ಇಲ್ಲ. ಇನ್ನೊಂದರಲ್ಲಿ ಪರದೇಶದ ಹಿಮದಲ್ಲಿ ಹಾಡು. ಹೀರೋ ಮೈತುಂಬ ಚರ್ಮದ ಕೋಟು ಹಾಕಿದ್ದಾನೆ, ಆ ಹೆಣ್ಣುಮಗು ತೆಳ್ಳನೆ ಸೀರೇಲಿ ನಡುಗ್ತಾ ಕುಣೀತದೆ. ಪಕ್ಕದಲ್ಲಿದ್ದ ನಮ್ಮ ಸೊಸೆ ಪೂಜಾ, "ಮಾವ, ಅವಳಿಗೊಂದು ಶಾಲು ಕೊಡೋರು ಯಾರೂ ಇರ್ಲಿಲ್ವಾ?" ಅಂದಳು. ಹಿಂದಿನ ಸಾಲಿನವರೂ ನಕ್ಕರು.

ನಮ್ಮ ಕಾಲದ ಟೆಂಟು ನೆನಪಾಗ್ತದೆ ಸಿದ್ದು. ಒಂದೇ ಸೈಕಲ್ಲಿನಲ್ಲಿ ಎಚ್.ಡಿ. ಕೋಟೆಗೆ ಹೋಗ್ತಿದ್ದೆವು, ಏರು ಬಂದರೆ ನೀನು ತುಳೀಬೇಕು, ಇಳಿಜಾರು ನನ್ನದು. ಮರಳು ಗುಡ್ಡೆ ಮಾಡಿ ಎತ್ತರಕ್ಕೆ ಕೂರ್ತಿದ್ದೆವು, ಹಿಂದಿನವನು ಕಾಲಲ್ಲಿ ಒದ್ದು ಕೆಡವ್ತಿದ್ದ. ಗಾಳಿ ಬೀಸಿದರೆ ಪರದೆ ಉಬ್ಬಿ ರಾಜನ ಹೊಟ್ಟೆ ಮುಂದಕ್ಕೆ ಬರ್ತಿತ್ತು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನೀನು ರಾಜ, ನಾನು ಸೇನಾಧಿಪತಿ. ಈಗಿನ ಟಾಕೀಸಲ್ಲಿ ಕುರ್ಚಿ ಇದೆ, ಫ್ಯಾನಿದೆ. ಆಚೆ ಬಂದ ಮೇಲೆ ಯಾರೂ ರಾಜ ಆಗಲ್ಲ.

ಸೋಮು ತೀರಿಕೊಂಡಾಗ ನೀನು ಬಂದಿದ್ದೆಯಲ್ಲ, ಆಗ ಪೂಜಾಳನ್ನ ನೋಡಿದ್ದೀಯ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಹತ್ರ ಲಾರಿ ನನ್ನ ಮಗನನ್ನ ಕರಕೊಂಡು ಹೋದ ಮೇಲೆ ಆ ಹುಡುಗಿ ಅಡಿಗೆಮನೆ ಬಿಟ್ಟು ಈಚೆಗೆ ಬರಲಿಲ್ಲ. ಒಂದು ಸೋಮವಾರ, ಅಂಗಡಿಗೆ ರಜ, ತಡೀಲಾರದೆ ಅಂದೆ, "ಏಳವ್ವ, ಸಿನಿಮಾ ನೋಡ್ಕಂಡು ಬರಾನ." ನಮ್ಮ ಮನೆಯಾಕೆ ಪ್ರೇಮಮ್ಮ ಒರಳ ಹತ್ರ ಕೂತಿದ್ದವಳು, "ಊರೋರು ಏನಂದಾರು?" ಅಂದಳು. "ಊರೋರಿಗೂ ಟಿಕೆಟ್ ಸಿಗ್ತದೆ ಬುಡು" ಅಂದೆ. ಅವಳಿಗೆ ಸಿನಿಮಾ ಮೊದಲಿಂದಲೂ ಆಗಿಬರಲ್ಲ, ನಿನಗೆ ಗೊತ್ತು.

ಹೀಗೆ ಶುರುವಾಯ್ತು ನಮ್ಮ ಸೋಮವಾರದ ಮ್ಯಾಟಿನಿ. ಇಲ್ಲಿ ಚಿತ್ರ ಬದಲಾಗದಿದ್ದರೆ ಬಸ್ಸು ಹತ್ತಿ ಕೋಟೆಗೆ. ಮೊದಮೊದಲು ಪೂಜಾ ಸುಮ್ಮನೆ ಕೂತು ಬರ್ತಿದ್ದಳು. ಆಮೇಲೆ ಬಸ್ಸಲ್ಲಿ ಮಾತು, ಮನೆಗೆ ಬಂದು ಖಳನಾಯಕನ ಅಣಕು. ಎರಡು ವರ್ಷ ಸಿದ್ದು, ಚಂದವಾಗಿ ಹೋಯ್ತು.

ಕಳೆದ ಕಾರ್ತೀಕದಲ್ಲಿ ಒಂದು ಚಿತ್ರ ಬಂತು. ಊರ ಸಾಹುಕಾರನ ಸೊಸೆ, ಗಂಡ ಸತ್ತವಳು. ಒಬ್ಬ ಒಳ್ಳೆ ಹುಡುಗ ಅವಳನ್ನ ಮೆಚ್ಚುತಾನೆ. ಕಡೇಲಿ ಅವನಿಗೆ ಬೀಳಬೇಕಾದ ಏಟಿಗೆ ಇವಳು ಅಡ್ಡ ಬಂದು ಅವನ ತೊಡೆ ಮೇಲೇ ಪ್ರಾಣ ಬಿಡ್ತಾಳೆ. ಸಾಯೋ ಹೊತ್ತಿಗೆ ಅವನು ಹಣೆಗೆ ಕುಂಕುಮ ಇಡ್ತಾನೆ. ಇಡೀ ಟಾಕೀಸು ಮೂಗು ಒರೆಸಿಕೊಳ್ತಿತ್ತು. ನಾನೂ ಪಂಚೆ ಚುಂಗು ಒದ್ದೆ ಮಾಡಿಕೊಂಡೆ. ಪೂಜಾ ಕಣ್ಣು ಒಣಗಿತ್ತು.

ಬಸ್‌ಸ್ಟ್ಯಾಂಡಲ್ಲಿ ಟೀ ಕುಡೀತಾ ಕೇಳಿದೆ, "ಯಾಕವ್ವ, ಹಿಡಿಸಲಿಲ್ವಾ?"

"ಅವಳನ್ನ ಯಾಕೆ ಸಾಯಿಸಿದ್ರು ಮಾವ?"

"ಕತೆ ಅಂಗದೆ ಕಣವ್ವ."

"ಬದುಕಿದ್ರೆ ಮದುವೆ ಮಾಡಬೇಕಾಗ್ತಿತ್ತು, ಅದಕ್ಕೆ. ಅವಳು ಸತ್ತರೆ ಅಳೋಕೆ ಇಷ್ಟು ಜನ ಬತ್ತಾರೆ. ಮದುವೆ ಊಟಕ್ಕೆ ಯಾರು ಬಂದಾರು?"

ತನ್ನ ವಿಷಯ ಅಂತ ಅಂದಿದ್ದಲ್ಲ ಅದು. ಲೋಟ ಇಟ್ಟು ಬಸ್ಸಿನ ಬೋರ್ಡು ಓದೋಕೆ ಹೋದಳು. ನನಗೆ ಮಾತ್ರ ಆ ಟೀ ಮುಗಿಸೋಕಾಗಲಿಲ್ಲ.

ಬೀಚನಹಳ್ಳಿ ಡ್ಯಾಮಿನಲ್ಲಿ ನೀರಾವರಿ ಕೆಲಸದ ಮಾದೇವ ಅಂತ ಒಬ್ಬ, ನಮ್ಮವರೇ. ಹೊಸ ಅಗ್ರಹಾರದ ಕಡೆಯವನು. ಬೋಲ್ಟು, ಗ್ರೀಸು ಅಂತ ಅಂಗಡಿಗೆ ಬರ್ತಿದ್ದ. ಹೆಂಡತಿ ಹೆರಿಗೇಲಿ ಹೋಗಿದ್ದಳು, ಮಗುವೂ ಉಳಿದಿರಲಿಲ್ಲ. ನಮ್ಮ ಪೂಜಾಳನ್ನ ಮದುವೆ ಆಗ್ತೀಯಾ ಅಂತ ನೇರವಾಗೇ ಕೇಳಿಬಿಟ್ಟೆ. ಅವನು ತಡಬಡಾಯಿಸಿ, "ಅವರು ಒಪ್ಪಿದ್ರೆ ಯಜಮಾನ್ರೆ" ಅಂದ. ಪೂಜಾಗೆ ಹೇಳಿದಾಗ ಅಕ್ಕಿ ಆರಿಸ್ತಿದ್ದಳು. ಮೊರ ಕೆಳಗಿಟ್ಟು, "ಮೊದಲು ಮನುಷ್ಯ ಎಂಥೋರು ನೋಡಬೇಕು ಮಾವ" ಅಂದಳು.

ನೋಡೋಕೆ ನನಗೆ ಗೊತ್ತಿರೋ ಜಾಗ ಒಂದೇ. ಮೂವರೂ ಮ್ಯಾಟಿನಿಗೆ ಹೋದೆವು. ಕಂಬ ಅಡ್ಡ ಬರ್ತದೆ ಅಂತ ನೆಪ ಹೇಳಿ ನಾನು ಆ ತುದೀಲಿ ಕೂತೆ. ಅದೊಂದು ಕೆಟ್ಟ ಹಾಸ್ಯದ ಚಿತ್ರ, ನಾನು ಪರದೆ ನೋಡಲೇ ಇಲ್ಲ, ಅವನನ್ನೇ ನೋಡ್ತಿದ್ದೆ. ಒಂದು ಕಡೆ ಕುಂಟ ಮುದುಕನೊಬ್ಬನನ್ನ ಎಲ್ಲರೂ ಸೇರಿ ಕೆಸರಿಗೆ ಬೀಳಿಸ್ತಾರೆ. ಟಾಕೀಸು ಹೋ ಅಂತು. ಮಾದೇವ ನಗಲಿಲ್ಲ, ಕತ್ತು ಬಗ್ಗಿಸಿದ. ಪೂಜಾ ಅವನ ಕಡೆ ಒಂದು ಸಲ ತಿರುಗಿ ನೋಡಿದಳು. ಮನೆಗೆ ಬಂದು ಚಪ್ಪಲಿ ಬಿಡ್ತಾ, "ಹೂಂ ಅನ್ನಿ ಮಾವ" ಅಂದಳು.

ಅವಳ ತಂದೆ ಸಿಟ್ಟಾಗಿ ಬರಲಿಲ್ಲ. ಮೇ ತಿಂಗಳಲ್ಲಿ ಮಠದಲ್ಲಿ, ಹತ್ತಾರು ಜನರೆದುರು, ಅಪ್ಪನ ಜಾಗದಲ್ಲಿ ನಿಂತು ನಾನೇ ಅವಳ ಕೈ ಹಿಡಿದು ಕೊಟ್ಟೆ. ಮೊದಲೇ ಹೇಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಯಾರಾದರೂ ಬೇಡ ಅಂದರೆ ನನ್ನ ಧೈರ್ಯ ಎಲ್ಲಿ ಕರಗೋಗ್ತದೋ ಅಂತ ಭಯ ಇತ್ತು. ಈಗ ಅವನಿಗೆ ಅವನೂರಿನ ಹತ್ರ, ಕೆ.ಆರ್. ನಗರದ ಕಡೆಗೇ ವರ್ಗ ಆಗಿದೆ. ಹೋದ ವಾರ ಪೂಜಾ ಫೋನು ಮಾಡಿ, ಅಲ್ಲಿ ನೋಡಿದ ಸಿನಿಮಾನ ನನಗಿಂತ ಚೆನ್ನಾಗಿ ಬೈದಳು. ಸುಖವಾಗಿದ್ದಾಳೆ.

ಮನೆಯವರಿಗೆಲ್ಲ ನನ್ನ ಶರಣು ಹೇಳು. ಮೊಮ್ಮಕ್ಕಳು ನಿನ್ನ ಗುಣ ಕಲೀಲಿ, ನಿನ್ನ ಕೈಬರಹ ಮಾತ್ರ ಬೇಡ. ಶಿವ ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ
ಪುಟ್ಟಮಲ್ಲಪ್ಪ

ಮರೆತಿದ್ದು: ಮರೆತಿಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ಮದುವೆ ದಿನದಿಂದ ಪ್ರೇಮಮ್ಮ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಡ್ತಾಳೆ, ನೀರಿಡ್ತಾಳೆ, ಒಳಗೆ ಹೋಗ್ತಾಳೆ. ಅವತ್ತು ನಾನು ಮಠಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಅಂದಳು, "ಅವನ ಹೆಂಡ್ತಿ ಈ ಮನೇಲಿರೋಗಂಟ ನನ್ನ ಮಗನೂ ಇದ್ದ. ಇವತ್ತು ಅವನನ್ನೂ ಕಳಿಸ್ತಾ ಇದ್ದೀರಿ." ನಾನು ಮಾಡಿದ್ದು ತಪ್ಪಲ್ಲ ಸಿದ್ದು. ಅವಳು ಅಂದದ್ದೂ ಸುಳ್ಳಲ್ಲ. ಅವತ್ತಿಂದ ಸೋಮು ಹೆಸರು ಈ ಮನೇಲಿ ಯಾರ ಬಾಯಲ್ಲೂ ಬಂದಿಲ್ಲ. ನೀನೊಂದು ಸಲ ಬಾ. ಅವನಿಗೆ ಅಕ್ಷರ ತಿದ್ದಿಸಿದೋನು ನೀನು. ಅವಳ ಎದುರಿಗೆ ಕೂತು ಅವನ ಮಾತು ತೆಗಿ. ನಾನು ಒಳಗೆ ಬರಲ್ಲ. ಜಗಲಿ ಮೇಲೆ ಕೂತು ಕೇಳಿಸ್ಕೋತೀನಿ.