ಅರವತ್ತಮೂರನೇ ಬಾಗಿಲ ಕರವಸ್ತ್ರ

ಸಾಲ್ಟ್‌ಬಿ,
೧೨ ಅಕ್ಟೋಬರ್ ೨೦೦೯

ಪ್ರಿಯ ಸಿರಿಲ್,

ಇಷ್ಟು ವರ್ಷಗಳ ಮೇಲೆ ನನ್ನ ಕೈಬರಹ ನೋಡಿ ಯಾರೋ ಹೋಗಿಬಿಟ್ಟರು ಅಂದುಕೊಳ್ಳಬೇಡ. ಹೋಗುತ್ತಿರುವುದು ಸ್ಯಾಂಡ್‌ಹೇವನ್ ರಜಾ ಶಿಬಿರ ಮಾತ್ರ. ಮುಂದಿನ ಸೋಮವಾರ ಬುಲ್ಡೋಜರ್ ಬರುತ್ತದೆ. ಅಲ್ಲಿ ಹೊಸ ಮನೆಗಳು ಏಳುತ್ತವಂತೆ, ಎಲ್ಲ ಮನೆಗೂ ಸಮುದ್ರ ಕಾಣುತ್ತದಂತೆ. ನಮ್ಮ ಕೋಣೆಗೆ ಕಾಣುತ್ತಿದ್ದದ್ದು ಎದುರು ಸಾಲಿನ ಕಕ್ಕಸು.

ನೀನು ಬಿಟ್ಟು ಹೋದ ಮೇಲೂ ನಾನು ಅಲ್ಲೇ ಕೆಲಸದಲ್ಲಿದ್ದೆ. ಜನ ರಜೆಗೆ ಸ್ಪೇನಿನ ವಿಮಾನ ಹತ್ತತೊಡಗಿದ ಮೇಲೆ ಶಿಬಿರ ಮುಚ್ಚಿತು. ಆಮೇಲೆ ಅನಿಲದ ಕೊಳವೆ ಹಾಕುವವರು ಬಂದರು. ನೀನು ಟ್ರಂಪೆಟ್ ಊದುತ್ತಿದ್ದ ಕುಣಿತದ ಹಾಲ್‌ನಲ್ಲಿ ಒದ್ದೆ ಬೂಟು ಒಣಗಹಾಕಿದರು. ಅವರ ನಂತರ ಒಬ್ಬ ರೈತ ಕೋಣೆಗಳಲ್ಲಿ ಆಲೂಗಡ್ಡೆ ತುಂಬಿದ. ಕಡೆಗೆ ನಿರಾಶ್ರಿತರು ಬಂದರು. ಇರುವವರು ಬದಲಾದರೂ ಬೀಗದ ಕೈ ಗೊಂಚಲು ನನ್ನ ಸೊಂಟ ಬಿಡಲಿಲ್ಲ. ಯಾಕೆ ಅಲ್ಲೇ ಕೊಳೆಯುತ್ತೀ ಎಂದು ಕೇಳಿದವರಿಗೆ ಅಲ್ಲಿ ಚಹಾ ಚೆನ್ನಾಗಿದೆ ಎಂದೆ. ಚೆನ್ನಾಗಿರಲಿಲ್ಲ.

ನಿನ್ನ ತಂಗಿ ಎಲ್ಸಿ ಬರೆದಿದ್ದಳು. ನೀನೀಗ ವೃದ್ಧಾಶ್ರಮದಲ್ಲಿದ್ದೀಯಂತೆ, ನರ್ಸುಗಳನ್ನು ಕರೆದು ಆ ಬಟ್ಟೆ ನಾನು ಎಲ್ಲಿಟ್ಟೆ ಎಂದು ಕೇಳುತ್ತೀಯಂತೆ. ಅವರು ಟವೆಲು ತಂದುಕೊಡುತ್ತಾರಂತೆ.

ಶಿಬಿರದ ಪದ್ಧತಿ ನಿನಗೂ ಗೊತ್ತು. ಮಗುವನ್ನು ಮಲಗಿಸಿ ಕುಣಿಯಲು ಹೋಗುವ ತಾಯಿ ಬಾಗಿಲ ಹಿಡಿಗೆ ಬಿಳಿ ಕರವಸ್ತ್ರ ಕಟ್ಟಬೇಕು. ಕಾವಲಿನ ಹೆಂಗಸರಾದ ನಾವು ಸಂಜೆಯೆಲ್ಲ ಸಾಲು ಸುತ್ತಿ, ಬಟ್ಟೆ ಕಟ್ಟಿದ ಬಾಗಿಲಿಗೆ ಕಿವಿಗೊಡಬೇಕು. ಅಳು ಕೇಳಿದರೆ ತಾಯಿಗೆ ಕಾಣುವಂತೆ ಕುಣಿತದ ಹಾಲ್‌ನ ಹಲಗೆಯ ಮೇಲೆ ಕೋಣೆಯ ಸಂಖ್ಯೆ ಬರೆಸಬೇಕು.

ಅರವತ್ತನಾಲ್ಕರ ಆಗಸ್ಟಿನ ಆ ಸಂಜೆ ನಮ್ಮ ಮಗಳು ಪೆಗ್ಗಿ ಅರವತ್ತಮೂರನೇ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು. ಏಳು ತಿಂಗಳ ಕೂಸು. ನನಗೆ ದೂರದ ಸಾಲಿನ ಪಾಳಿ, ನಮ್ಮ ಸಾಲು ಬೆರಿಲ್‌ಳದು. ಮಗು ಕೆಮ್ಮಿ ಕೆಮ್ಮಿ ಅಳುವುದು ಅವಳಿಗೆ ಕೇಳಿಸಿತು. ಹಿಡಿಯಲ್ಲಿ ಬಟ್ಟೆ ಇಲ್ಲ, ತಾಯಿ ಒಳಗೇ ಇದ್ದಾಳೆ ಎಂದು ಮುಂದೆ ನಡೆದಳು. ನಾನು ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಚಾರಣೆಯಲ್ಲಿ ಬೆರಿಲ್ ಹೇಳಿದ್ದು ಒಂದೇ ಮಾತು: “ಬಟ್ಟೆ ಕಟ್ಟಿದ್ರೆ ನಾನು ನಿಂತೇ ನಿಲ್ತಿದ್ದೆ.”

ನಾನು ಕಟ್ಟಿದ್ದೆ ಎಂದೆ. ಆ ಸಂಜೆ ನೀನು ನಡುವೆ ಕೋಣೆಗೆ ಬಂದು, ಟ್ರಂಪೆಟ್ ಒರೆಸಲು ಯಾವುದೋ ಕರವಸ್ತ್ರ ಎಳೆದುಕೊಂಡು ಹೋಗಿದ್ದೆ. ಎಲ್ಲಿಂದ ಎಂದು ನಿನಗೇ ನೆನಪಿರಲಿಲ್ಲ. ಎಲ್ಲರೂ ನಿನ್ನ ಮುಖ ನೋಡಿದರು. ನಾನೂ ನೋಡಿದೆ. “ನಾನೇ ಬಿಚ್ಚಿರ್ಬೇಕು, ಐವಿ,” ಎಂದೆ ನೀನು. ಆಮೇಲೆ ಟ್ರಂಪೆಟ್ ಮುಟ್ಟಲಿಲ್ಲ. ಮರುವರ್ಷ ಮನೆಯನ್ನೂ ಬಿಟ್ಟೆ. ನಾನು ತಡೆಯಲಿಲ್ಲ.

ಹೋದ ಚಳಿಗಾಲದಲ್ಲಿ ಎರಿಟ್ರಿಯಾದ ಸೆಲಾಮ್ ಎಂಬ ಹುಡುಗಿಗೆ ಅರವತ್ತಮೂರೇ ಸಿಕ್ಕಿತು. ಕೈಯಲ್ಲಿ ಹಸುಗೂಸು. ಮೊದಲ ದಿನ ಮಗುವನ್ನು ಮಲಗಿಸಿ ಅವಳು ಊಟ ತರಲು ಹೋದಾಗ ನಾನು ಹಿಡಿಗೆ ಕರವಸ್ತ್ರ ಕಟ್ಟಿ, ಅವಳು ಬರುವತನಕ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಕಾವಲಿನವಳು ನಾನೊಬ್ಬಳೇ ಉಳಿದಿದ್ದೆ, ಆದರೂ ಕಟ್ಟಿದೆ. ಆಮೇಲೆ ಬಿಚ್ಚಲಿಲ್ಲ. ಶಿಬಿರ ಖಾಲಿ ಮಾಡಿಸಿದ ದಿನ ಅವಳು ಅದನ್ನು ಒಗೆದು, ಇಸ್ತ್ರಿ ಮಾಡಿ ತಂದಳು.

“ಅಮ್ಮಾ, ಇದನ್ನ ಅವತ್ತೇ ಮರ್ತು ಹೋಗಿದ್ರಿ. ತಗೊಳ್ಳಿ.”

ಮರೆತಿರಲಿಲ್ಲ ಕಣಮ್ಮ ಎನ್ನಲು ಹೊರಟೆ. ಬಟ್ಟೆ ಇಸಿದುಕೊಂಡೆ. ಅಳು ಬರಲಿಲ್ಲ. ನನಗೆ ಅದು ಬರುವುದು ನಿಂತು ಬಹಳ ಕಾಲವಾಯಿತು, ಸಿರಿಲ್. ಬೆರಳು ಸುಟ್ಟರೂ ನೋವಿಗಿಂತ ಮೊದಲು ವಾಸನೆಯೇ ಗೊತ್ತಾಗುತ್ತದೆ.

ಹಳೆಯ ಕೆಲಸಗಾರರು ನೆನಪಿಗೆ ಏನಾದರೂ ಒಯ್ಯಿರಿ ಎಂದು ಗುತ್ತಿಗೆದಾರ ಹೇಳಿದ. ಅರವತ್ತಮೂರರ ಬಾಗಿಲ ಹಿಡಿ ಬಿಚ್ಚಿಸಿಕೊಂಡು ಬಂದೆ. ಅಡುಗೆಮನೆ ಮೇಜಿನ ಮೇಲೆ ಜಾಮ್ ಬಾಟಲಿಯ ಪಕ್ಕದಲ್ಲಿದೆ. ಇಲ್ಲಿ ಗಾಳಿ ಜೋರು. ಬೆಚ್ಚಗಿರು.

ಕಾಗದದಲ್ಲಿ ಇನ್ನೂ ನಿನ್ನ ಹೆಂಡತಿ,
ಐವಿ

ಮರೆತ ಮಾತು: ಸೆಲಾಮ್ ಒಗೆದುಕೊಟ್ಟ ಕರವಸ್ತ್ರವನ್ನು ಇದರೊಳಗೆ ಇಟ್ಟಿದ್ದೇನೆ. ನೀಲಿ ದಾರದ ಅಂಚು ನಾನೇ ಹೊಲಿದದ್ದು, ನಿನಗೆ ಗುರುತು ಹತ್ತುತ್ತದೆ. ಇನ್ನು ಹುಡುಕಬೇಡ. ಆ ಸಂಜೆ ಇದು ನಿನ್ನ ಹತ್ತಿರ ಇರಲಿಲ್ಲ, ಬಾಗಿಲಲ್ಲೂ ಇರಲಿಲ್ಲ. ಪಾಳಿಯ ಗಂಟೆ ಹೊಡೆದಿತ್ತು, ಕಟ್ಟದೆಯೇ ಓಡಿದೆ. ಅದೇ ರಾತ್ರಿ ಏಪ್ರನ್ ಬಿಚ್ಚುವಾಗ ಜೇಬಿನಲ್ಲಿ ಸಿಕ್ಕಿತು.