ನಾನೇ ಮಾಡಿಸಿದ ಆಣೆ

ಏಪ್ರಿಲ್ ೧೯, ಶನಿವಾರ

ಸೋತೆ! ಹನ್ನೊಂದು ವರ್ಷದ ಮಗಳ ಮುಂದೆ ಮಕಾಡೆ ಬಿದ್ದೆ. ರಜೆಗೆ ಅವಳಿಗೆ ದೇಶದ ಆ ತುದಿಯ ಸಮುದ್ರ ತೋರಿಸೋಣವೆಂದು ಗುಟ್ಟಾಗಿ ವಿಮಾನದ ಟಿಕೆಟ್ ತೆಗೆದಿದ್ದೆ. ಸಂಜೆ ರಾಜಗಾಂಭೀರ್ಯದಿಂದ ಅದನ್ನು ಊಟದ ಮೇಜಿನ ಮೇಲಿಟ್ಟರೆ ಅವಳ ಮುಖ ಕಪ್ಪಿಟ್ಟಿತು.

"ವಿಮಾನ ಹತ್ತಲ್ಲ ಅಂತ ನಮ್ಮ ಸ್ಕೂಲಲ್ಲಿ ಎಲ್ಲರ ಕೈಲೂ ಆಣೆ ಮಾಡಿಸಿದ್ದು ನೀನೇ ಅಲ್ವಾಪ್ಪಾ?"

ಹೌದು, ನಾನೇ. ಪರಿಸರ ನಾಟಕ ಹಿಡಿದು ಶಾಲೆಯಿಂದ ಶಾಲೆಗೆ ಹೋಗಿ, ಭೂಮಿರಾಜನ ವೇಷದಲ್ಲಿ, ವಿಮಾನಗಳ ಹೊಗೆ ಕುಡಿದು ಕೊಬ್ಬಿದ ಹೊಗೆರಕ್ಕಸನನ್ನು ಕೊಂದು, ಕೊನೆಗೆ ಮಕ್ಕಳಿಂದ ಆಣೆ ಮಾಡಿಸುವುದೇ ನನ್ನ ಹೊಟ್ಟೆಪಾಡು.

"ಅದು ನಾಟಕ ಕಣೇ! ರೈಲಲ್ಲಿ ಹೋದ್ರೆ ಇರೋ ನಾಲ್ಕು ದಿನದಲ್ಲಿ ಮೂರು ದಿನ ದಾರೀಲೇ ಹೋಗತ್ತೆ!" ಎಂದು ಗುಡುಗಿದೆ.

"ಸಮುದ್ರ ಒಂದೇ ದಿನ ನೋಡಿದ್ರೂ ಸಾಕಿತ್ತು. ಅಷ್ಟು ಮಕ್ಕಳಿಗೂ ಸುಳ್ಳು ಹೇಳ್ದೆ ನೀನು," ಎಂದವಳೇ ಕೋಣೆ ಸೇರಿ ಅಗುಳಿ ಹಾಕಿಕೊಂಡಳು.

"ನಿಮ್ಮ ನಾಟಕ ನಂಬಿದ್ದ ಒಬ್ಬಳೇ ಪ್ರೇಕ್ಷಕಿ ಅವಳು. ಅವಳನ್ನೂ ಎಬ್ಬಿಸಿ ಕಳಿಸಿದ್ರಲ್ಲಾ!" ಎಂದಳು ಹೆಂಡತಿ.

ಟಿಕೆಟ್ ರದ್ದು ಮಾಡಿದೆ. ಹೇಳೋಣವೆಂದು ಮಗಳ ಬಾಗಿಲಿಗೆ ಹೋದರೆ ಒಳಗೆ ಬಿಕ್ಕುವ ಸದ್ದು. ಮೈಕಿಲ್ಲದೆ ಕೊನೆಯ ಸಾಲು ಮುಟ್ಟುವ ಗಂಟಲಿನ ನಾನು ಬೆಕ್ಕಿನ ಹೆಜ್ಜೆಯಿಟ್ಟು ವಾಪಸು ಬಂದೆ. ಬೆಳಿಗ್ಗೆ ಹೇಳಿದರೆ ನಂಬುತ್ತಾಳೆಯೇ? ಇದನ್ನೂ ಒಂದು ವೇಷವೆಂದುಕೊಂಡರೆ, ಆಮೇಲೆ ನಾನು ಯಾವ ಬಾಯಲ್ಲಿ ಮಕ್ಕಳಿಂದ ಆಣೆ ಮಾಡಿಸಲಿ?