ಸಮಾಧಿಯ ಮೇಲಿನ ನಂಬರು

ಅಪ್ಪಾ,

‘ನೀರು ಯಾರನ್ನೂ ನೋಯಿಸದೆ ಹರಿಯುತ್ತದೆ’ ಎಂದೇನೋ ಒಂದು ಸಾಲು ಓದಿದ್ದೆ. ಪೂರ್ತಿ ನೆನಪಿಲ್ಲ. ಬರೆದವರಿಗೆ ಅಣೆಕಟ್ಟಿನ ನೀರು ಗೊತ್ತಿತ್ತೇ?

ಹೊಸ ಅಣೆಕಟ್ಟಿಗೆ ಮುಳುಗಡೆಯಾಗುವ ಜಮೀನು ಅಳೆಯಲು ಈ ಬೆಳಿಗ್ಗೆ ಮಳವಳ್ಳಿಯಿಂದ ಸರ್ವೆಯವನೊಬ್ಬ ಬಂದ. ಹೊಲದ ಎಲ್ಲೆ ಎಲ್ಲಿ ಎಂದು ಕೇಳಿದಾಗ, ಬದುವಿನ ಮೂಲೆಯಲ್ಲಿರುವ ನಿನ್ನ ಸಮಾಧಿಯನ್ನು ನಾನೇ ತೋರಿಸಿದೆ. ಅವನು ಅದರ ಮೇಲೆಯೇ ಕೆಂಪು ಬಣ್ಣದಲ್ಲಿ ಮುಳುಗಡೆಯ ನಂಬರು ಬರೆದ.

“ನಮ್ಮಪ್ಪನ ಎದೆ ಮ್ಯಾಲೆ ಬರೀತೀಯೇನ್ಲಾ?” ಎನ್ನುತ್ತಾ ತಮ್ಮ ಮಹದೇವು ಗುದ್ದಲಿ ಬೀಸಿದ. ಸರ್ವೆಯವನ ತಲೆ ಒಡೆಯಿತು. ನಾನು ಸೆರಗು ಒತ್ತಿ ಹಿಡಿದರೂ ರಕ್ತ ನಿನ್ನ ಸಮಾಧಿಯ ಮೇಲೆ ಹರಿಯುತ್ತಲೇ ಇತ್ತು. ಅವನು ಬದುಕುವುದು ಅನುಮಾನವಂತೆ. ಮಹದೇವುವನ್ನು ಪೊಲೀಸರು ಎಳೆದೊಯ್ದರು.

ಸಂಜೆ ಪಕ್ಕದ ಮನೆಯ ಸುಲ್ತಾನ್ ಬೀ ಬಂದರು. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು:

“ನಾಳೆ ನಮ್ ಖಬರಸ್ತಾನ ಅಳೆಯಕ್ಕೆ ಬತ್ತಾರಂತೆ ಕಣಮ್ಮ. ನೀನ್ ಮಾತ್ರ ಬಂದು ಏನೂ ತೋರಿಸ್ಬ್ಯಾಡ.”